ಜಪಾನಿನಲ್ಲಿ ಗಂಡನ ಹೆಸರು

ಜಪಾನಿಗೆ ಹೊರಟವರು ನಾವು ಮೂವರು, ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ನಾನು ಅಜ್ಜಂಪುರದವಳು. ಉಳಿದಿಬ್ಬರನ್ನು ಮದುವೆ ಮಾಡಿ ಕೊಟ್ಟ ಊರಿನ ಹೆಸರಿನಿಂದಲೇ ಕರೆಯುತ್ತೇನೆ, ಒಬ್ಬಳು ಕಡೂರು, ಇನ್ನೊಬ್ಬಳು ತರೀಕೆರೆ. ಫೋನಿನಲ್ಲಿ ಟೈಪ್ ಮಾಡುವುದನ್ನು ಈಚೆಗೆ ಕಲಿತಿದ್ದೇನೆ, ಒಂದೇ ಬೆರಳಿನಲ್ಲಿ ಕುಟ್ಟುತ್ತೇನೆ. ಒತ್ತಕ್ಷರ ತಪ್ಪಿದ್ದರೆ ಬೆರಳನ್ನು ಬೈಯಿರಿ.

ತರೀಕೆರೆ ಗಂಡನ ಜೊತೆ ಜಗಳವಾಡಿಕೊಂಡು ಬಂದಿದ್ದಳು. "ಈ ವಯಸ್ಸಲ್ಲಿ ನಿಂಗೆ ಜಪಾನ್ ಬೇಕೇನೇ?" ಎಂದು ಅವರು ಕೇಳಿದ್ದರಂತೆ. ಇವಳು ರೇಗಿ, ಹೊಸ್ತಿಲು ದಾಟುವಾಗ "ಹೋಗಿ ಬತ್ತೀನಿ" ಅನ್ನುವ ಬದಲು "ಹೋಗ್ತೀನಿ" ಅಂದುಬಿಟ್ಟಿದ್ದಳು. ನಮ್ಮ ಕಡೆ ಯಾರೂ ಹಾಗೆ ಅನ್ನುವುದಿಲ್ಲ. ಮರಳಿ ಬಾರದವರ ಮಾತು ಅದು. ಆವತ್ತಿನಿಂದ ನಾಲ್ಕು ದಿನ ಅವರು ಫೋನ್ ಎತ್ತಲಿಲ್ಲ. ಮೆಸೇಜು ಓದಿದ್ದಕ್ಕೆ ನೀಲಿ ಗೆರೆ ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ.

ಟೋಕಿಯೋದ ಅಕಿಹಬರಾದಲ್ಲಿ ಅಂತಸ್ತಿನ ಮೇಲೆ ಅಂತಸ್ತು ಬರೀ ಬೊಂಬೆ ಅಂಗಡಿ. ಗೋಡೆಗಳ ತುಂಬ ಅಗಲ ಕಣ್ಣಿನ ಕಾರ್ಟೂನ್ ಹುಡುಗಿಯರು. ಸೀರೆ, ಸ್ವೆಟರು, ಶೂ ಹಾಕಿದ್ದ ಕಡೂರು ಬೆಕ್ಕಿನ ಕಿವಿಯ ಹೇರ್‌ಬ್ಯಾಂಡ್ ಕೊಂಡು ತಲೆಗೇರಿಸಿದಳು.

"ಹೆಂಗ್ ಕಾಣ್ತೀನೇ?"

"ಹಾಲ್ ಕದಿಯಕ್ ಬಂದಂಗೆ," ಅಂದೆ.

ಅಂಗಡಿಯ ಹುಡುಗಿಯರೂ ನಕ್ಕರು. ತರೀಕೆರೆ ಮಾತ್ರ ಫೋನು ನೋಡುತ್ತಾ ನಿಂತಿದ್ದಳು.

ಮಾರನೆಯ ದಿನ ಕ್ಯೋಟೋ. ಅಲ್ಲಿಯ ಒಂದು ದೇವಸ್ಥಾನದಲ್ಲಿ ಬೆಟ್ಟದುದ್ದಕ್ಕೂ ಕೆಂಪು ಕಮಾನುಗಳು, ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟಿಕೊಂಡ ಕಲ್ಲಿನ ನರಿಗಳು. ಅಂಗೈಯಗಲದ ಮರದ ಹಲಗೆಯ ಮೇಲೆ ಬೇಡಿಕೆ ಬರೆದು ತೂಗುಹಾಕುವುದು ಅಲ್ಲಿಯ ಪದ್ಧತಿ. ತರೀಕೆರೆ ಒಂದು ಹಲಗೆ ಕೊಂಡಳು. ಕನ್ನಡಕ ಬಸ್ಸಿನಲ್ಲೇ ಬಿಟ್ಟಿದ್ದರಿಂದ ಬರೆಯಲು ನನಗೆ ಕೊಟ್ಟಳು, ಫೋಟೋ ತೆಗಿ ಅಂತ ಫೋನನ್ನೂ ಕೊಟ್ಟಳು.

"ನಮ್ಮನೇರ ಕೋಪ ಇಳೀಲಿ ಅಂತ ಬರಿ."

"ನಮ್ಮನೇರು ಅಂದ್ರೆ ಯಾರೂಂತ ಈ ದೇವ್ರಿಗೆ ಹೆಂಗೇ ಗೊತ್ತಾಗ್ಬೇಕು? ಹೆಸ್ರು ಹೇಳು."

"ನಿಂಗ್ ಗೊತ್ತಲ್ಲ, ಬರ್ಕೋ."

"ಮರ್ತೋಗಿದೆ ಕಣೇ."

ಸುಳ್ಳು. ಅವಳ ಮದುವೆಯಲ್ಲಿ ಆ ಹೆಸರು ಹೇಳಿಸಲು ಬಾಗಿಲು ಅಡ್ಡಗಟ್ಟಿ ನಿಂತು ಸೋತವಳೇ ನಾನು. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಅವಳಮ್ಮ ಹೇಳಿದ್ದನ್ನು ಇವಳು ಇಷ್ಟು ವರ್ಷ ಬಿಟ್ಟಿರಲಿಲ್ಲ. ರೇಷನ್ ಕಾರ್ಡಿನವರು ಕೇಳಿದರೂ ಮಗಳನ್ನು ತಿವಿದು ಹೇಳಿಸುತ್ತಿದ್ದಳು.

"ಇಲ್ಯಾರಿಗೇ ಕನ್ನಡ ಬತ್ತದೆ? ಹೇಳೇ," ಎಂದಳು ಕಡೂರು.

ತರೀಕೆರೆ ಕಳ್ಳಿಯಂತೆ ಆಚೀಚೆ ನೋಡಿದಳು. ಅವಳ ಫೋನಿನಲ್ಲಿ ಗಂಡನಿಗೆ ಕಳಿಸಿದ್ದ ಮೆಸೇಜುಗಳೇ ತೆರೆದಿದ್ದವು. ನಾನು ಮೆಲ್ಲಗೆ ಮೈಕಿನ ಗುರುತಿನ ಮೇಲೆ ಹೆಬ್ಬೆರಳಿಟ್ಟೆ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದಳು. ಮೂರೇ ಅಕ್ಷರ. ಅದನ್ನು ನಾನಿಲ್ಲಿ ಬರೆಯುವುದಿಲ್ಲ, ಅವಳ ಬಾಯಲ್ಲೇ ಚೆನ್ನ. ಹೇಳಿದವಳ ಕಿವಿ ಕೆಂಪಾಯಿತು. ನಾನು ಬೆರಳೆತ್ತಿದೆ.

"ಏನೇ ಅದು ಸದ್ದು?"

"ಹೋಯ್ತು."

"ಎಲ್ಲಿಗೇ ಹೋಯ್ತು?"

"ತರೀಕೆರೆಗೆ."

"ಅಯ್ಯೋ ಕತ್ತೆ! ಅಳ್ಸೇ ಅದನ್ನ!"

"ಅಳ್ಸೋದು ನಂಗಿನ್ನೂ ಕಲ್ಸಿಲ್ಲ."

ನಗುತ್ತಲೇ ಅಂದೆ. ಆದರೆ ಹೆಸರು ಹಿಡಿದು ಕರೆದಳೆಂದು ಅವರು ಇನ್ನಷ್ಟು ರೇಗಿದರೆ ಪಾಪ ನನ್ನ ತಲೆಗೆ. ತರೀಕೆರೆ ಕಲ್ಲುಮೆಟ್ಟಿಲ ಮೇಲೆ ಕುಸಿದು ಕೂತಳು. ಕಡೂರು ಅವಳ ಬೆನ್ನು ಸವರಿದಳು.

ನೀಲಿ ಗೆರೆ ಬಂತು. ಆಮೇಲೆ ಫೋನೇ ಬಂತು. ನಾವಿಬ್ಬರೂ ನಾಚಿಕೆ ಬಿಟ್ಟು ಅವಳ ಕಿವಿಗೆ ಕಿವಿ ಹಚ್ಚಿದೆವು. ಆ ಕಡೆ ಸ್ವಲ್ಪ ಹೊತ್ತು ಬರೀ ಕೆಮ್ಮು.

"ಲೇ, ಅದೇನೋ ಅಂದ್ಯಲ್ಲ," ಎಂದರು ಅವರು. "ಸರ್ಯಾಗ್ ಕೇಳಿಸ್ಲಿಲ್ಲ. ಇನ್ನೊಂದ್ಸಲ ಅನ್ನು."

ತರೀಕೆರೆ ನಮ್ಮಿಬ್ಬರನ್ನೂ ಮೊಣಕೈಯಿಂದ ತಳ್ಳಿ, ಫೋನನ್ನು ಸೆರಗಿನೊಳಗೆ ಮುಚ್ಚಿಕೊಂಡು, ಕೆಂಪು ಕಮಾನುಗಳ ಒಳಗೆ ಒಬ್ಬಳೇ ನಡೆದಳು. ನಾವು ಹಿಂದೆ ಹೋಗಲಿಲ್ಲ. ಆಸೆಯೇನೋ ಬೇಕಾದಷ್ಟಿತ್ತು.