ಓಡುವ ಮೋಟಾರನ್ನು ಬಿಚ್ಚದವನು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಹೇಳಿ ವಿಚಾರಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾಯಿಲಣ್ಣ ಎಂದರೆ ಎದುರಿನ ಸೈಕಲ್ ಅಂಗಡಿಯವನು ಕೂತಲ್ಲಿಂದಲೇ ಗದ್ದ ಎತ್ತಿ ತೋರಿಸುತ್ತಿದ್ದ. ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿಯ ಕಾಯಿಲ್ ಸುತ್ತುವುದು ಅವನ ಕೆಲಸ. ಪಂಪು, ಮಿಕ್ಸಿ, ಫ್ಯಾನು, ಯಾವುದನ್ನು ತಂದರೂ ಮೊದಲು ಮೂಗಿಗೆ ಹಿಡಿಯುತ್ತಿದ್ದ. ವಾರ್ನಿಷ್ ಸುಟ್ಟ ವಾಸನೆ ಬಂದರೆ "ಬಿಟ್ಟು ಹೋಗಿ" ಎನ್ನುತ್ತಿದ್ದ. ಬರದಿದ್ದರೆ, "ಓಡ್ತಿರೋದನ್ನ ಯಾಕ್ರೀ ತಂದ್ರಿ? ಬಿಚ್ಚಿದ್ರೆ ಇರೋದೂ ಹೋಗುತ್ತೆ" ಎಂದು ಬೈದು ಕಳಿಸುತ್ತಿದ್ದ. ಗಿರಾಕಿಯನ್ನೇ ಬೈಯುವ ಅಂಗಡಿಗೆ ಜನ ಮತ್ತೆ ಮತ್ತೆ ಬರುತ್ತಿದ್ದರೆಂದರೆ ಅವನ ಕೈಕೆಲಸ ಅಷ್ಟು ಚೊಕ್ಕ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಅಂಗಡಿಯಲ್ಲಿ ಆ ಹಟ ಚೆನ್ನಾಗಿಯೇ ನಡೆಯಿತು.

ಅವನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಮೂರನೇ ಕ್ಲಾಸಿನಲ್ಲಿದ್ದಾಗ ಟೀಚರ್ ಕರೆಸಿ, "ಹೇಳಿದ್ದು ಕಿವಿಗೇ ಹಾಕ್ಕೊಳ್ಳಲ್ಲ, ಮೊದಲು ಹೀಗಿರಲಿಲ್ಲ" ಎಂದರು. ಕಾಯಿಲಣ್ಣ ಮನೆಗೆ ಬಂದವನೇ ಹುಡುಗನ ಕಿವಿ ಹಿಂಡಿದ. ಹುಡುಗ ಅಳಲಿಲ್ಲ, ಅಪ್ಪನ ಬಾಯನ್ನೇ ನೋಡುತ್ತ ನಿಂತ. ಕಿವಿ ಡಾಕ್ಟರು ಕಿವಿಯಲ್ಲಿ ದೋಷವಿಲ್ಲ ಎಂದರು. ಆಮೇಲೆ ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿದವು. ಬಾಗಿಲು ದಾಟುವಾಗ ಭುಜ ಚೌಕಟ್ಟಿಗೆ ಬಡಿಯತೊಡಗಿತು. ಎದುರಿಗಿಟ್ಟ ಲೋಟಕ್ಕೆ ಕೈ ತಡಕಾಡತೊಡಗಿತು. ಸೋಮಾರಿತನ ಎಂದಳು ಅಜ್ಜಿ, ನಾಟಕ ಎಂದ ಅಪ್ಪ. ಹೆಂಡತಿಯೊಬ್ಬಳೇ ಮಾತ್ರೆ ಪ್ಯಾಕ್ ಮಾಡುವ ಫ್ಯಾಕ್ಟರಿಗೆ ರಜೆ ಹಾಕಿ, ಮಗನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು.

ಫಲಿತಾಂಶದ ದಿನ ಅವನೂ ಹೋದ. ನರರೋಗದ ಡಾಕ್ಟರಮ್ಮ ಅವನ ಕೆಲಸ ಏನೆಂದು ಕೇಳಿ, ಮಿದುಳಿನ ಚಿತ್ರವನ್ನು ಬೆಳಕಿನ ಪರದೆಗೆ ಸಿಕ್ಕಿಸಿದರು. ಹಿಂಭಾಗದಲ್ಲಿ ಎರಡೂ ಕಡೆ ಬಿಳಿ ಹರಡಿತ್ತು.

"ನಿಮ್ಮ ತಂತಿಗೆ ವಾರ್ನಿಷ್ ಇರುತ್ತಲ್ಲ, ಹಾಗೇ ಮಿದುಳಿನ ನರಗಳಿಗೂ ಒಂದು ಹೊದಿಕೆ ಇದೆ. ಇವನಿಗೆ ಅದು ಕರಗ್ತಾ ಇದೆ. ಹುಟ್ಟಿದಾಗಿಂದ ರಕ್ತದಲ್ಲಿದ್ದ ದೋಷ, ಈಗ ತಲೆ ಎತ್ತಿದೆ."

ಕಾಯಿಲಣ್ಣನ ಮುಖ ಅರಳಿತು ಅಂದರೆ ನೀವು ನಂಬಲಿಕ್ಕಿಲ್ಲ. ವಾರ್ನಿಷ್ ಹೋದ ತಂತಿಯನ್ನು ಅವನು ದಿನವೂ ನೋಡುತ್ತಿದ್ದವನು. "ಹಾಗಾದ್ರೆ ಬಿಚ್ಚಿ ಹೊಸದಾಗಿ ಸುತ್ತೋಕಾಗಲ್ವಾ, ಮೇಡಂ?" ಎಂದ.

"ಆಗಲ್ಲ" ಎಂದರು ಡಾಕ್ಟರಮ್ಮ. ಕಡ್ಡಿ ಮುರಿದ ಹಾಗೆ ಹೇಳಿ, ಆಮೇಲೆ ದನಿ ತಗ್ಗಿಸಿದರು. "ಶುರುವಾಗೋಕೆ ಮುಂಚೆ ಗೊತ್ತಾದ್ರೆ ಬೇರೆಯವರ ಮೂಳೆಮಜ್ಜೆ ಹಾಕಿ ತಡೀಬಹುದು. ಇವನಿಗೆ ಹೊತ್ತು ಮೀರಿದೆ. ಮನೇಲಿ ಇನ್ನೊಬ್ಬ ಗಂಡುಮಗ ಇದ್ದಾನಲ್ಲ? ಇದು ತಾಯಿ ಕಡೆಯಿಂದ ಗಂಡುಮಕ್ಕಳಿಗೆ ಬರೋ ಕಾಯಿಲೆ. ಅವನ ರಕ್ತ ನಾಳೇನೇ ಕೊಡಿ."

ಕಾಯಿಲಣ್ಣ ಎದ್ದು ನಿಂತ. "ಅವನು ಕಲ್ಲುಗುಂಡಿನ ಹಾಗಿದ್ದಾನೆ. ಅವನ ತಂಟೆಗೆ ಬರಬೇಡಿ."

ತಾಯಿ ಕಡೆಯಿಂದ ಎಂಬ ಮಾತು ಮನೆ ತಲುಪಿದ್ದೇ ತಡ, ಅಜ್ಜಿಗೆ ಹಬ್ಬ. ಸೊಸೆಯ ತಮ್ಮನೊಬ್ಬ ಚಿಕ್ಕಂದಿನಲ್ಲಿ ಕಣ್ಣು ಹೋಗಿ, ಮಾತು ಹೋಗಿ ಸತ್ತದ್ದನ್ನು ಮಿದುಳು ಜ್ವರ ಎಂದು ಎಲ್ಲರೂ ನಂಬಿದ್ದರು. ಈಗ ಅದನ್ನು ಕೆದಕಿ, "ನಿಮ್ಮ ಮನೆಯಿಂದ ತಂದ ಬಳುವಳಿ" ಎಂದು ದಿನಕ್ಕೊಂದು ಸಲ ಚುಚ್ಚಿದಳು. ಹೆಂಡತಿಗೆ ಬೇಕಾಗಿದ್ದದ್ದು ಒಂದೇ, ಚಿಕ್ಕವನ ರಕ್ತಪರೀಕ್ಷೆ. ಗಂಡ ಅದೊಂದನ್ನು ಬಿಟ್ಟು ಎಲ್ಲಕ್ಕೂ ತಲೆಯಾಡಿಸುತ್ತಿದ್ದ. ಅವಳೊಬ್ಬಳೇ ಹೋದಾಗ ಆಸ್ಪತ್ರೆಯವರು ತಂದೆಯ ಸಹಿಯೂ ಬೇಕು ಎಂದು ವಾಪಸ್ ಕಳಿಸಿದರು.

ಹಾಗಂತ ಅವನು ಸುಮ್ಮನಿದ್ದನೆಂದು ತಿಳಿಯಬೇಡಿ. ಅವನ ಪರೀಕ್ಷೆ ಅವನದೇ ರೀತಿಯಲ್ಲಿ ನಡೆದಿತ್ತು. ಚಿಕ್ಕವನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಬೆನ್ನ ಹಿಂದೆ ನಿಂತು ಪಿಸುಗುಡುತ್ತಿದ್ದ. ನೆಲಕ್ಕೆ ವಾಷರ್ ಬೀಳಿಸಿ, ಯಾವ ಕಡೆ ಬಿತ್ತು ಹೇಳು ಎನ್ನುತ್ತಿದ್ದ. ಕೂದಲೆಳೆಯಂಥ ತಂತಿಗಳನ್ನು ಬೆಂಚಿನ ಮೇಲೆ ಹರವಿ ದಪ್ಪನೆಯದನ್ನು ಆರಿಸು ಎನ್ನುತ್ತಿದ್ದ. ಹುಡುಗ ಎಲ್ಲದರಲ್ಲೂ ಗೆದ್ದ, ಗೆದ್ದು ಚಪ್ಪಾಳೆ ತಟ್ಟಿದ. ಅಂಥ ದಿನ ಕಾಯಿಲಣ್ಣ ಹಾಡು ಗುನುಗುತ್ತ ಮನೆಗೆ ಬರುತ್ತಿದ್ದ. ಚಿಕ್ಕವನ ಮೈ ಸ್ವಲ್ಪ ಕಪ್ಪಗಾಗಿದ್ದಕ್ಕೆ ಬಿಸಿಲಲ್ಲಿ ಆಡುತ್ತಾನೆ ಎಂದುಕೊಂಡ, ಅದೂ ಆ ಕಾಯಿಲೆಯ ಗುರುತೇ ಎಂದು ಅವನಿಗೆ ಗೊತ್ತಿರಲಿಲ್ಲ. ಅವನಿಗಿದ್ದದ್ದು ಬರೀ ಭಯ, ಅದನ್ನು ಧೈರ್ಯ ಅಂತ ತೋರಿಸಿಕೊಂಡು ಓಡಾಡಿದ. ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲೇ.

ಆ ವೇಳೆಗೆ ದೊಡ್ಡವನಿಗೆ ಕಣ್ಣು ಪೂರ್ತಿ ಹೋಗಿತ್ತು. ಮಾತೆಂದರೆ "ಅಮ್ಮ" ಒಂದೇ ಉಳಿದಿತ್ತು, ಅದೂ ಒಂದು ದಿನ ನಿಂತಿತು. ಕೈಕಾಲು ಸೆಟೆದುಕೊಂಡವು. ನುಂಗಲಾರದೆ ಮೂಗಿನಿಂದ ನಳಿಗೆ ಹಾಕಿಸಬೇಕಾಯಿತು. ಅವಳು ಕೆಲಸ ಬಿಟ್ಟಳು.

ಒಂದು ಮಧ್ಯಾಹ್ನ ಅವಳು ಅಂಗಡಿಗೇ ಬಂದಳು. ಮದುವೆಯಾದಾಗಿನಿಂದ ಆ ಮೆಟ್ಟಿಲು ಹತ್ತಿದವಳಲ್ಲ. ಮೂಲೆಯಲ್ಲಿ ಕರಕಲಾದ ಮೋಟಾರುಗಳ ರಾಶಿ ಬಿದ್ದಿತ್ತು. ಸೈಕಲ್ ಅಂಗಡಿಯವನು ಕಿವಿ ನಿಮಿರಿಸಿದ್ದನ್ನೂ ಲೆಕ್ಕಿಸದೆ ಕೇಳಿದಳು:

"ರೀ, ಹೊಗೆ ಬರೋಕೆ ಮುಂಚೆ ಇವುಗಳಲ್ಲಿ ಒಂದನ್ನಾದ್ರೂ ಯಾರಾದ್ರೂ ತಂದಿದ್ರಾ?"

"ಓಡ್ತಿರೋದನ್ನ ತಂದ್ರೂ ನಾನು ಬಿಚ್ಚಲ್ವಲ್ಲ."

"ಹೊಗೆ ಬಂದ ಹಿಂದಿನ ದಿನಾನೂ ಇವು ಚೆನ್ನಾಗೇ ಓಡ್ತಿದ್ವು ತಾನೆ? ನೀವು ವಾಷರ್ ಬೀಳಿಸಿ ಏನು ನೋಡ್ತಿದ್ದೀರಿ? ಅವನಿಗೆ ಕೇಳಿಸದೇ ಹೋದ ದಿನ ನಮ್ಮ ಕೈಲಿ ಏನಿರುತ್ತೆ?"

ಮರುದಿನ ದೊಡ್ಡವನ ಹತ್ತಿರ ಅಜ್ಜಿಯನ್ನು ಕೂರಿಸಿ, ಗಂಡ ಹೆಂಡತಿ ಚಿಕ್ಕವನ ಜೊತೆ ಹೋಗಿ ರಕ್ತ ಕೊಟ್ಟು ಬಂದರು.

ಚಿಕ್ಕವನ ರಕ್ತದಲ್ಲೂ ಆ ದೋಷ ಇತ್ತು. ಮಿದುಳಿನ ಚಿತ್ರ ತೆಗೆಸಿದರು. ಅದರಲ್ಲೇನಿದೆ ಎಂದು ತಿಳಿಯಲು ಕಾಯಿಲಣ್ಣ ಒಬ್ಬನೇ ಹೋಗಬೇಕಾಯಿತು, ದೊಡ್ಡವನಿಗೆ ಕಫ ಹೆಚ್ಚಿ ಹೆಂಡತಿ ಅವನನ್ನು ಅಜ್ಜಿಯ ಕೈಗೆ ಬಿಡುವ ಹಾಗಿರಲಿಲ್ಲ. ಪರದೆಯ ಮೇಲೆ, ಅದೇ ಹಿಂಭಾಗದಲ್ಲಿ, ಹೆಸರುಕಾಳಿನಷ್ಟು ಬಿಳಿ.

"ಶುರುವಾಗಿದೆ, ಆದ್ರೆ ಕೈಮೀರಿಲ್ಲ" ಎಂದರು ಡಾಕ್ಟರಮ್ಮ. "ತಂದೆ ಮಜ್ಜೆ ಅರ್ಧ ಹೊಂದುತ್ತೆ, ಅದರಲ್ಲೇ ಮಾಡೋಣ. ಬೇರೆಯವರನ್ನ ಹುಡುಕ್ತಾ ಕೂರೋ ಹೊತ್ತಿಲ್ಲ. ಹಾಕಿದ ಮೇಲೂ ಕಾಯಿಲೆ ನಿಲ್ಲೋಕೆ ತಿಂಗಳುಗಳು ಬೇಕು. ಅಷ್ಟರಲ್ಲಿ ಕಣ್ಣೋ ಕಿವಿಯೋ ಹೋದ್ರೆ ಅದು ವಾಪಸ್ ಬರಲ್ಲ. ಉಳೀತಾನೆ ಅಂತ ಮಾತು ಕೊಡೋಕೂ ಆಗಲ್ಲ."

"ನೀವು ಮೊದಲು ಹೇಳಿದಾಗಲೇ ಬಂದಿದ್ರೆ ಈ ಬಿಳಿ ಇರ್ತಿತ್ತಾ?"

ಅವರು ಚಿತ್ರವನ್ನು ಲಕೋಟೆಗೆ ಸೇರಿಸುತ್ತ, "ಬಹುಶಃ ಇರ್ತಿರಲಿಲ್ಲ" ಎಂದರು. ಸುಳ್ಳು ಹೇಳಿ ಸಮಾಧಾನ ಮಾಡುವವರಲ್ಲ ಅವರು.

ಮನೆಗೆ ಬಂದಾಗ ಅವಳು ದೊಡ್ಡವನ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ನಳಿಗೆಗೆ ಹಾಲು ಬಿಡುತ್ತಿದ್ದಳು. ಚಿಕ್ಕವನು ಬೀದಿಯಲ್ಲಿ ಆಡುತ್ತಿದ್ದ, ಅವನ ಕೂಗು ಒಳಗೆ ಕೇಳುತ್ತಿತ್ತು. ಕಾಯಿಲಣ್ಣ ಹೊಸಿಲ ಹತ್ತಿರವೇ ನಿಂತು, ಒಂದನ್ನೂ ಬಚ್ಚಿಡದೆ ಎಲ್ಲ ಹೇಳಿದ. ಕೊನೆಗೆ, "ನಾನೇ ತಡ ಮಾಡಿದ್ದು" ಎಂದು ಗೋಡೆಗೆ ಹಣೆ ಒತ್ತಿ ಅತ್ತ. ಅವಳು ಬೈಯಲಿ, ಹೊಡೆಯಲಿ ಎಂದು ಕಾದ.

ಹಾಲು ಪೂರ್ತಿ ಇಳಿಯುವ ತನಕ ಅವಳು ತಲೆ ಎತ್ತಲಿಲ್ಲ.

"ಯಾವತ್ತು ಸೇರಿಸ್ಬೇಕಂತೆ?"

"ಸೋಮವಾರ. ತಾಯಿ ಜೊತೆಗಿರಬಹುದಂತೆ. ನಾನು ಮಜ್ಜೆ ಕೊಟ್ಟು ಮರುದಿನಾನೇ ಮನೆಗೆ ಬರಬಹುದಂತೆ. ಒಳಗೆ ಹೋದ್ಮೇಲೆ ಸೋಂಕಾಗಬಾರದು ಅಂತ ತಿಂಗಳುಗಟ್ಟಲೆ ನಿಮ್ಮಿಬ್ಬರನ್ನೂ ಹೊರಗೆ ಬಿಡಲ್ಲ."

ಅವಳು ದೊಡ್ಡವನ ತುಟಿ ಒರೆಸಿದಳು. ಅವನ ಎದೆಯಲ್ಲಿ ಕಫ ಗೊರಗೊರ ಎನ್ನುತ್ತಿತ್ತು. ಅಷ್ಟು ತಿಂಗಳು ಅವನು ಕಾಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಬಾಗಿ ಅವನ ನೆತ್ತಿಯ ವಾಸನೆಯನ್ನು ತುಂಬ ಹೊತ್ತು ಎಳೆದುಕೊಂಡಳು. ಆಮೇಲೆ ತೋಳು ಬಿಡಿಸಿಕೊಂಡು ಜರುಗಿ, ಗಂಡನಿಗೆ ಜಾಗ ಮಾಡಿದಳು.

"ಬನ್ನಿ, ಕೂತ್ಕೊಳ್ಳಿ. ತಲೆ ಹೀಗೆ ಎತ್ತಿ ಹಿಡೀಬೇಕು, ಇಲ್ದಿದ್ರೆ ಉಸಿರು ಕಟ್ಟುತ್ತೆ. ಸೋಮವಾರದೊಳಗೆ ಎಲ್ಲ ಕಲೀರಿ. ಇವನು ಹೋಗುವಾಗ ನಾನಿರಲ್ಲ."