ಇಪ್ಪತ್ನಾಲ್ಕನೆಯ ಫೇಡರ್

ಕಿವಿಯಣ್ಣ ಟ್ಯಾಬ್ಲೆಟ್ಟನ್ನು ಎತ್ತಿ ಗೋಡೆಗೆ ಅಪ್ಪಳಿಸಿದನಂತೆ, ಅಕ್ಕನ ಮಗಳ ಮುಖ ಇನ್ನು ನೋಡುವುದಿಲ್ಲವೆಂದು ಹೇಳಿ ಸ್ಟುಡಿಯೋದ ಮೆಟ್ಟಿಲಿಳಿದು ಹೋದನಂತೆ ಎಂಬ ಸುದ್ದಿ ವಾದ್ಯಗಾರರ ನಡುವೆ ಇಂದಿಗೂ ಚಾಲ್ತಿಯಲ್ಲಿದೆ. ಕೆಳಗಿನ ಮಹಡಿಯ ದರ್ಜಿ ಅದು ಬಿದ್ದ ಸದ್ದನ್ನು ಕಿವಿಯಾರೆ ಕೇಳಿದ್ದಾನೆ. ಕೀಬೋರ್ಡ್ ನುಡಿಸುವವನು ಒಡೆದ ಗಾಜನ್ನು ಕಣ್ಣಾರೆ ಕಂಡಿದ್ದಾನೆ. ಹಳೆಯ ಕಾಲದ ಮನುಷ್ಯ, ಹೊಸ ಯಂತ್ರ ಕಂಡರಾಗದೆ ಮೈಮೇಲೆ ಬಂದವನ ಹಾಗೆ ಆಡಿದ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ.

ಗಾಜು ಬಿರುಕು ಬಿಟ್ಟದ್ದು ನಿಜ. ಆದರೆ ಅದು ಜಾರಿದ್ದು ಅಕ್ಕನ ಮಗಳ ಕೈಯಿಂದ. ಕಿವಿಯಣ್ಣ ತನ್ನ ಅರವತ್ತೊಂದು ವರ್ಷಗಳಲ್ಲಿ ಕೋಪದಿಂದ ಒಂದು ಲೋಟವನ್ನೂ ಕುಕ್ಕಿದವನಲ್ಲ. ಆವತ್ತು ಅವನು ಮೆಟ್ಟಿಲಿಳಿದು ಹೋಗಲೂ ಇಲ್ಲ. ಹೋಗಿದ್ದರೆ ಅವನ ಕಥೆಗೆ ಒಂದಿಷ್ಟು ಮರ್ಯಾದೆಯಾದರೂ ಉಳಿಯುತ್ತಿತ್ತು.

ಸ್ಟುಡಿಯೋ ಅವನ ಭಾವನದು. ಕಿವಿಯಣ್ಣ ಅಲ್ಲಿ ಮೂವತ್ತಾರು ವರ್ಷಗಳಿಂದ ರೆಕಾರ್ಡಿಂಗ್ ಎಂಜಿನಿಯರ್. ಎಂಟು ಪಿಟೀಲುಗಳು ಒಟ್ಟಿಗೆ ನುಡಿಯುತ್ತಿದ್ದಾಗ, "ಎರಡನೇ ಸಾಲಿನ ಕೊನೆಯವರ ತಂತಿ ಕೂದಲೆಳೆಯಷ್ಟು ಸಡಿಲ ಇದೆ" ಎಂದು ಗಾಜಿನ ಗೋಡೆಯ ಈಚೆಯಿಂದಲೇ ಹೇಳಿದ ದಿನ ಆ ಹೆಸರು ಅಂಟಿಕೊಂಡಿತು. ಹಾಡುವವರು ಹಾಡುತ್ತಾರೆ, ನುಡಿಸುವವರು ನುಡಿಸುತ್ತಾರೆ. ಯಾವ ದನಿ ಮುಂದೆ ನಿಲ್ಲಬೇಕು, ಯಾವುದು ಹಿಂದೆ ಸರಿಯಬೇಕು ಎಂದು ನಿರ್ಧರಿಸುವವನು ತಾನು. ಹಾಡು ತನ್ನ ಕೈ ದಾಟಿಯೇ ಲೋಕಕ್ಕೆ ಹೋಗುತ್ತದೆ. ಬದುಕಿನಲ್ಲಿ ಅವನು ಇಟ್ಟುಕೊಂಡಿದ್ದ ಹೆಮ್ಮೆ ಇದೊಂದೇ.

ಆಗಿನ ಬೋರ್ಡು ಬಾಗಿಲಿನಷ್ಟು ಅಗಲವಿತ್ತು. ಮೇಲಕ್ಕೆ ಸರಿಸಿದರೆ ದನಿ ಏರಿಸುವ, ಕೆಳಕ್ಕೆ ಎಳೆದರೆ ಇಳಿಸುವ ಇಪ್ಪತ್ನಾಲ್ಕು ಫೇಡರುಗಳು ಅದರಲ್ಲಿದ್ದವು. ಇಪ್ಪತ್ನಾಲ್ಕನೆಯದಕ್ಕೆ ತಂತಿಯೇ ಇರಲಿಲ್ಲ. ಹಾಡು ಬರೆಸಿದವರೋ, ಹಣ ಹಾಕಿದವರೋ ಬಂದು ಕೂತು, "ಏನೋ ಕೊರತೆ ಇದೆ ಕಣ್ರೀ" ಎಂದು ಮೂಗು ಮುರಿದರೆ ಕಿವಿಯಣ್ಣ ವಿನಯದಿಂದ ಅದನ್ನು ತೋರಿಸುತ್ತಿದ್ದ. "ನೀವೇ ಏರಿಸಿ ಸರ್, ನಿಮ್ಮ ಕಿವಿಗೆ ಸಮ ಅನಿಸೋವರೆಗೂ." ಅವರು ಬೆರಳಿಟ್ಟು ನಾಜೂಕಾಗಿ ಅರ್ಧ ಇಂಚು ಸರಿಸಿ, "ಈಗ ನೋಡಿ, ಹಾಡಿಗೆ ಜೀವ ಬಂತು" ಎನ್ನುತ್ತಿದ್ದರು. ಅವರು ಹೋದ ಮೇಲೆ ಕೋಣೆಯಲ್ಲಿ ನಗು. ಆ ಫೇಡರಿಗೆ ಅವನು ಇಟ್ಟ ಹೆಸರು ಅಳಿಯ ದೇವರು: ಉಪಚಾರವೆಲ್ಲ ಅದಕ್ಕೆ, ಕೆಲಸ ಮಾತ್ರ ಒಂದೂ ಇಲ್ಲ. ಅಕ್ಕನ ಮಗಳು ಕೆಲಸ ಕಲಿಯಲು ಬಂದಾಗ ಅವನು ಹೇಳಿಕೊಟ್ಟ ಮೊದಲ ಗುಟ್ಟು ಇದೇ. ಎರಡನೆಯದು ತಂತಿ ಸುತ್ತುವ ಬಗೆ: ಒಂದು ಸುತ್ತು ಮೇಲಿನಿಂದ, ಮರು ಸುತ್ತು ಒಳಗಿನಿಂದ, ಬಿಚ್ಚಿದಾಗ ಒಂದೂ ಗಂಟಾಗಬಾರದು.

ಬೋರ್ಡು ಗುಜರಿಗೆ ಹೋಗಿ ಎಲ್ಲವೂ ಕಂಪ್ಯೂಟರಿನೊಳಗೆ ಸೇರಿತು. ಕೋಣೆಯ ಯಾವ ಮೂಲೆಯಲ್ಲಿ ನಿಂತರೂ ಅದನ್ನು ಆಳಬಹುದಾದ ಟ್ಯಾಬ್ಲೆಟ್ಟೊಂದು ಅಕ್ಕನ ಮಗಳ ಕೈಗೆ ಬಂತು. ಗಾಜಿನ ಮೇಲೆ ಬರೆದ ಫೇಡರುಗಳನ್ನು ಕಿವಿಯಣ್ಣ ಸವರಿ ನೋಡಿದ. "ಇದೇನೇ, ಕನ್ನಡಿ ಒರೆಸಿದ ಹಾಗಿದೆ. ಬೆರಳಿಗೆ ಏನೂ ಸಿಗಲ್ಲ." ಅವಳು ತಂದೆಯನ್ನು ಒಪ್ಪಿಸಿ ಮಾವನಿಗಾಗಿ ನಿಜವಾದ ಎಂಟು ಫೇಡರುಗಳಿದ್ದ, ಮಣೆಯಷ್ಟು ಅಗಲದ ಪೆಟ್ಟಿಗೆಯೊಂದನ್ನು ತರಿಸಿದಳು. ಅದರಿಂದಲೂ ಕಂಪ್ಯೂಟರನ್ನು ಆಳಬಹುದಿತ್ತು. ಅವಳು ಗಾಜಿನ ಮೇಲೆ ಬೆರಳಾಡಿಸಿದರೆ ಪೆಟ್ಟಿಗೆಯ ಫೇಡರುಗಳು ತಾವಾಗಿಯೇ ಎದ್ದು ಬಿದ್ದು ಚಲಿಸುತ್ತಿದ್ದವು. "ದೆವ್ವ ಕೆಲಸಕ್ಕೆ ಸೇರಿದೆ" ಎಂದು ಅವನು ನಕ್ಕಿದ್ದ. ಒಂದು ದಿನ ಅವು ಚಲಿಸುವುದನ್ನು ನಿಲ್ಲಿಸಿದವು. "ಮೋಟಾರಿನ ಸದ್ದು ಮೈಕಿಗೆ ಹೋಗ್ತಿತ್ತು ಮಾವ, ನಿಲ್ಲಿಸಿದೀನಿ" ಎಂದಳು. ಅವನು ನಂಬಿದ.

ಆ ಬೆಳಗ್ಗೆ ಅವಳ ಬಸ್ಸು ಕೆಟ್ಟು ನಿಂತಿತ್ತು. ಗಾಯಕಿ ಆಗಲೇ ಗಾಜಿನ ಗೋಡೆಯ ಆಚೆ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದಳು. ಕಾಯಿಸುವುದೇಕೆಂದು ಕಿವಿಯಣ್ಣ ಕಂಪ್ಯೂಟರಿನಲ್ಲಿ ತೆರೆದೇ ಇದ್ದ ಹಾಡನ್ನು ಶುರು ಮಾಡಿದ.

"ಅಣ್ಣ, ನನ್ನ ದನಿ ನನಗೇ ಕೇಳಿಸ್ತಿಲ್ಲ. ಸ್ವಲ್ಪ ಏರಿಸ್ತೀರಾ?"

ಅವನು ಅವಳ ದನಿಗಿದ್ದ ಮೂರನೆಯ ಫೇಡರನ್ನು ಸರಿಸಿದ. "ಈಗ?"

"ಇಲ್ಲ."

"ಈಗ?"

"ಏರಿಸಿದ್ರಾ?"

"ಪೂರ್ತಿ ಏರಿಸಿದೀನಮ್ಮ. ಇನ್ನೂ ಮೇಲೆ ಹೋದ್ರೆ ಸೂರು ಕಿತ್ಕೊಂಡು ಹೋಗುತ್ತೆ."

"ಹಾಗಾದ್ರೆ ಬಿಡಿ ಅಣ್ಣ, ಅವಳು ಬರ್ಲಿ. ಯಾವಾಗ್ಲೂ ಅವಳೇ ಅಲ್ವಾ ಮಾಡೋದು." ಅವಳ ಮಾತಿನಲ್ಲಿ ಕುಹಕವಿರಲಿಲ್ಲ.

ಮೇಜಿನ ಮೇಲಿದ್ದ ಟ್ಯಾಬ್ಲೆಟ್ಟನ್ನು ಕಿವಿಯಣ್ಣ ನೋಡಿದ. ಪೆಟ್ಟಿಗೆಯ ಮೂರನೆಯದು ತುತ್ತತುದಿಯಲ್ಲಿತ್ತು. ಗಾಜಿನ ಮೇಲಿನ ಮೂರನೆಯದು ಕದಲಿರಲಿಲ್ಲ. ಕಿರುಬೆರಳಿನಿಂದ ಅದನ್ನು ತಳ್ಳಿದ. "ಆಂ, ಈಗ ಬಂತು" ಎಂದಳು ಗಾಯಕಿ. ಯಂತ್ರ ಕೆಟ್ಟಿರಬೇಕು ಎಂದುಕೊಂಡು ಅವನು ಮೊಣಕಾಲೂರಿ ಮೇಜಿನ ಹಿಂದೆ ಟಾರ್ಚು ಹಿಡಿದ. ಕರೆಂಟಿನ ತಂತಿ ಪ್ಲಗ್ಗಿನಲ್ಲಿತ್ತು. ಹಾಗಾಗಿಯೇ ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು. ಕಂಪ್ಯೂಟರಿಗೆ ಹೋಗಬೇಕಾದ ತಂತಿ ಮಾತ್ರ ಎರಡೂ ತುದಿ ಬಿಚ್ಚಿಕೊಂಡು ಮೊಳೆಯೊಂದಕ್ಕೆ ನೇತುಬಿದ್ದಿತ್ತು. ಒಂದು ಸುತ್ತು ಮೇಲಿನಿಂದ, ಮರು ಸುತ್ತು ಒಳಗಿನಿಂದ. ಧೂಳು ಹಿಡಿದಿತ್ತು.

ಅಕ್ಕನ ಮಗಳು ಏದುಸಿರು ಬಿಡುತ್ತ ಒಳಬಂದು, ಅಭ್ಯಾಸಬಲದಿಂದ ಮೊದಲು ಟ್ಯಾಬ್ಲೆಟ್ಟನ್ನು ಎತ್ತಿಕೊಂಡಳು. ಆಮೇಲೆ ಮಾವನ ತೊಡೆಯ ಮೇಲಿದ್ದ ತಂತಿಯ ಸುರುಳಿ ಕಂಡಿತು. ದರ್ಜಿ ಕೇಳಿದ ಸದ್ದು ಆಗ ಆದದ್ದು.

"ಎಷ್ಟು ದಿನ ಆಯ್ತೇ?"

"ಮೊದಲು ರೆಕಾರ್ಡಿಂಗ್ ಮುಗಿಸೋಣ ಮಾವ."

"ಎಷ್ಟು ದಿನ?"

"ಹತ್ತು ತಿಂಗಳು."

ಆ ಹತ್ತು ತಿಂಗಳಲ್ಲಿ ಒಂದು ಲಾಲಿ ಹಾಡು ಊರೆಲ್ಲ ಓಡಾಡಿತ್ತು. ಕಿವಿಯಣ್ಣನ ಕೈಗೆ ಮುಪ್ಪೇ ಇಲ್ಲ ಎಂದು ಜನ ಫೋನು ಮಾಡಿ ಹೇಳಿದ್ದರು.

"ಆ ಲಾಲಿ ಯಾರ್ದು?"

"ನಿಮ್ಮ ಕೈ ನೋಡ್ಕೊಂಡೇ ಮಾಡಿದ್ದು. ನೀವು ಸರಿಸಿದ ಹಾಗೇ ನಾನೂ ಇಲ್ಲಿ ಸರಿಸ್ತಿದ್ದೆ. ಮುಕ್ಕಾಲು ಪಾಲು ನಿಮ್ದೇ ಮಾವ."

"ಇನ್ನು ಕಾಲು?"

ಅವಳು ಟ್ಯಾಬ್ಲೆಟ್ಟನ್ನು ನೆಲದಿಂದ ಎತ್ತಿಕೊಂಡಳು. ಬಿರುಕಿನ ಮೇಲೆಯೇ ಬೆರಳಿಟ್ಟು, ಉಳಿದೆಲ್ಲ ದನಿಗಳನ್ನು ಅಡಗಿಸಿ, ಲಾಲಿಯ ಆರಂಭವನ್ನು ಹಾಕಿದಳು. ತೆರೆಯ ಮೇಲೆ ಸದ್ದಿನ ಏರಿಳಿತ ತೋರಿಸುವ ದೀಪಗಳು ಕುಣಿದವು. ಗಾಜಿನ ಆಚೆ ಗಾಯಕಿ ತಲೆದೂಗುತ್ತಿದ್ದಳು. ಕಿವಿಯಣ್ಣನಿಗೆ ಕೇಳಿಸಿದ್ದು ಫ್ಯಾನಿನ ಸದ್ದು ಮಾತ್ರ.

"ಏನದು?"

"ಸಣ್ಣ ಗಂಟೆಗಳ ಸರ. ಮೇಲಿನ ಸ್ಥಾಯಿಯ ದನಿಗಳು ನಿಮಗೆ ಕೇಳಿಸ್ತಿಲ್ಲ ಮಾವ. ಕೇಳಿಸ್ತಿಲ್ಲ ಅಂತ ನೀವು ಅದನ್ನೇ ಏರಿಸ್ತಾ ಹೋಗ್ತಿದ್ರಿ. ಕೇಳೋರು ಕಿವಿ ಹಿಡ್ಕೋತಿದ್ರು."

"ನಾನು ಮನೆಗೆ ಹೋದ್ಮೇಲೆ ತಿದ್ದಬಹುದಿತ್ತಲ್ಲ."

"ಮೊದಲು ಹಾಗೇ ಮಾಡ್ತಿದ್ದೆ. ಆದ್ರೆ ಹಾಡಿಸೋರು ಪಕ್ಕದಲ್ಲೇ ಕೂತು ಕೇಳ್ತಿರ್ತಾರಲ್ಲ."

"ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಅಪ್ಪ ಬೇಡ ಅಂದ್ರು. ನನಗೂ ಧೈರ್ಯ ಬರ್ಲಿಲ್ಲ. ಬಂದವರ ಮನಸ್ಸು ನೋಯಿಸಬಾರದು ಅಂತ ನೀವೇ ಅಲ್ವಾ ಹೇಳಿಕೊಟ್ಟಿದ್ದು?"

ಕಿವಿಯಣ್ಣ ತಂತಿಯ ಸುರುಳಿಯನ್ನು ಮೇಜಿನ ಮೇಲಿಟ್ಟ. "ನಾನು ಬಂದವನೇನೇ?"

ಸಂಜೆ ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ವಾಷಿಂಗ್ ಮಶೀನು ಮುಗಿದಾಗ ಬೀಪ್ ಅನ್ನುತ್ತಲ್ಲ, ಅದು ಕೇಳಿಸ್ತಿರ್ಲಿಲ್ವಾ ಹಾಗಾದ್ರೆ? ಎರಡು ವರ್ಷದಿಂದ ಬೇಕೂಂತಲೇ ಏಳ್ತಿಲ್ಲ ಅಂದ್ಕೊಂಡಿದ್ದೆ. ಎಷ್ಟು ಬೈದಿದೀನಿ." ಬೈದದ್ದು ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು.

ಮರುದಿನ ಅವನು ಕೆಲಸ ಬಿಡುತ್ತೇನೆಂದು ಹೇಳಲು ಭಾವನ ಕೋಣೆಗೆ ಹೋದ. ಭಾವ ಕುರ್ಚಿ ಎಳೆದು ಕೂರಿಸಿದರು.

"ನೀನು ಸುಮ್ಮನೆ ಕೂತಿದ್ರೆ ಸಾಕು ಕಣಯ್ಯಾ. ಜನ ಬರೋದೇ ನಿನ್ನ ಹೆಸರು ಕೇಳಿ. ದೀಪ ಉರಿಯುತ್ತೆ, ಕೈ ಆಡುತ್ತೆ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ ಭಾವ."

"ನೀನು ಯಾರಿಗೂ ಹೇಳದಿದ್ರೆ ಆಯ್ತು."

ಇದಕ್ಕೆ ಕೊಡಬೇಕಾದ ಉತ್ತರ ಅವನಿಗೆ ಗೊತ್ತಿತ್ತು. ಆದರೆ ಆ ಕೋಣೆ ಬಿಟ್ಟರೆ ಬೆಳಗ್ಗೆ ಹತ್ತು ಗಂಟೆಗೆ ಎಲ್ಲಿಗೆ ಹೋಗಬೇಕು ಎಂಬುದು ಗೊತ್ತಿರಲಿಲ್ಲ. ಅವನು ತಲೆಯಾಡಿಸಿದ. ಆ ತಲೆಯಾಡಿಸಿದ್ದೊಂದನ್ನು ಯಾವ ವಾದ್ಯಗಾರನೂ ಕಂಡಿಲ್ಲ. ಆದ್ದರಿಂದ ಅವರು ಗೋಡೆಯ ಕಥೆ ಹೇಳಿಕೊಂಡು ಸುಖವಾಗಿದ್ದಾರೆ.

ಕಿವಿಯಣ್ಣ ಈಗಲೂ ವಾರಕ್ಕೆ ನಾಲ್ಕು ದಿನ, ಹತ್ತರಿಂದ ಐದರವರೆಗೆ ಆ ಕುರ್ಚಿಯಲ್ಲಿ ಕೂರುತ್ತಾನೆ. ಪೆಟ್ಟಿಗೆಯ ದೀಪ ಹಸಿರಾಗಿ ಉರಿಯುತ್ತದೆ. ತಂತಿಯ ಧೂಳು ಒರೆಸಿ, ಮತ್ತೆ ಸುತ್ತಿ, ಡ್ರಾಯರಿನಲ್ಲಿಟ್ಟವನು ಅವನೇ. ಬಂದವರ ಎದುರು ಅವನು ಫೇಡರನ್ನು ನಿಧಾನವಾಗಿ ಸರಿಸುತ್ತಾನೆ. ಅಕ್ಕನ ಮಗಳ ಬೆರಳು ಮೊದಲಿನ ಹಾಗೆ ಪ್ರತಿ ಸಲವೂ ಅವನ ಕೈಯ ಹಿಂದೆ ಹೋಗುವುದಿಲ್ಲ. ಹೋಗದಿದ್ದದ್ದನ್ನು ಅವನು ಗಮನಿಸುತ್ತಾನೆ, ಕೇಳುವುದಿಲ್ಲ. ಹಾಡುಗಳ ಮೇಲೆ ಅವನ ಹೆಸರು ಮೊದಲು ಬರುತ್ತದೆ, ಅವಳದು "ಸಹಾಯ" ಎಂಬ ಪದದ ಮುಂದೆ. ಮನೆಯಲ್ಲಿ ವಾಷಿಂಗ್ ಮಶೀನಿನ ಬಟ್ಟೆಯನ್ನು ಅವನೇ ತೆಗೆಯುತ್ತಾನೆ, ಗಡಿಯಾರ ನೋಡಿಕೊಂಡು.