ಎರಡನೇ ಸವಾಯಿ

ಬೆಳಗಿನ ಐದೂಕಾಲು. ಪುಣೆಯ ಶಿವಾಜಿನಗರ ಸ್ಟೇಶನ್ನಿನ ಹಿಂದಿನ ತಗಡಿನ ಕಾರಖಾನೆಯಲ್ಲಿ ಚನ್ನಬಸವ್ವ ಸೆರಗು ಸೊಂಟಕ್ಕೆ ಬಿಗಿದು, ಒಣ ಹಲಗೆಯ ಮೇಲೆ ನಿಂತು, ಹಳೆಯ ತಂತಿಯ ಸುರುಳಿಯೊಂದನ್ನು ಎರಡು ಮೀಟರುಗಳಿಗೆ ಜೋಡಿಸುತ್ತಿದ್ದಾರೆ. ಒಂದು ಮೀಟರು ವಿದ್ಯುತ್ತಿನ ಒತ್ತಡವನ್ನು ವೋಲ್ಟುಗಳಲ್ಲಿ ತೋರಿಸುತ್ತದೆ, ಇನ್ನೊಂದು ಅದರ ಹರಿವನ್ನು ಅಂಪಿಯರುಗಳಲ್ಲಿ. ಒತ್ತಡವನ್ನು ಹರಿವಿನಿಂದ ಭಾಗಿಸಿದರೆ ತಂತಿಯ ರೋಧ. ಎರಡನ್ನೂ ಗುಣಿಸಿದರೆ ಅದರ ಶಕ್ತಿ, ಅಂದರೆ ವಾಟ್. ಕಾಲೇಜಿನ ಹುಡುಗರು ಎರಡು ವರ್ಷ ತೂಕಡಿಸಿ ಕಲಿಯುವ ಈ ಲೆಕ್ಕವನ್ನು ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಚನ್ನಬಸವ್ವ ದಿನಕ್ಕೆ ಹದಿನೆಂಟು ಸಲ ಮಾಡುತ್ತಾರೆ, ಅದೂ ಬಾಯಲ್ಲಿ.

ಇಂದು ಮಾತ್ರ ನೋಡಲು ಜನ ಇದ್ದಾರೆ. ಎದುರಿನ ಬಾಕಿನ ಮೇಲೆ ಹೆರಿಗೆ ಆಸ್ಪತ್ರೆಯ ಡಾಕ್ಟರ್ ಮಹಾಲಿಂಗ ಕೂತಿದ್ದಾರೆ. ಪಕ್ಕದಲ್ಲಿ, ಆ ಆಸ್ಪತ್ರೆಯಿಂದ ಕಳೆದ ವರ್ಷ ಹೊರಬಿದ್ದ ನರ್ಸ್ ರಾಜೀವಿ. ಕೂಸೊಂದು ಸುಟ್ಟು ಸತ್ತದ್ದು ಈಕೆಯ ನಿದ್ದೆಯಿಂದ ಎಂದು ಆಸ್ಪತ್ರೆಯ ಕಾಗದದಲ್ಲಿ ಬರೆದಿದೆ. ಆ ಬರಹ ಅಳಿಯುವುದೋ ಉಳಿಯುವುದೋ, ಮೀಟರಿನ ಮುಳ್ಳು ಹೇಳಬೇಕು.

ಗೋಕಾಕ ಕಡೆಯ ಚನ್ನಬಸವ್ವನವರಿಗೆ ಈಗ ನಲವತ್ತಾರು. ಗಂಡ ಕ್ಷಯಕ್ಕೆ ಹೋದ ಮೇಲೆ ತಂತಿ ಸುತ್ತುವ ಕೆಲಸಕ್ಕೆ ಬಂದವರಿಗೆ ಮೀಟರು ಓದಲು ಕಲಿಸಿದವರು ಮಾರ್ತಾಂಡ ಮಿಸ್ತ್ರಿ. ಬೆರಳ ತುದಿಗಳು ಸುಟ್ಟು ಸುಟ್ಟು ಗೆರೆ ಕಳೆದುಕೊಂಡಿವೆ. ಲೆಕ್ಕ ಮಾತ್ರ ಊರಿನದೇ. “ನಮ್ಮ ಮಾಸ್ತರ್ರು ಮಗ್ಗಿ ಭಾಳ ಹೊಡಸಿದ್ರು. ಪಾವಿಂದು, ಅರ್ಧದ್ದು, ಸವಾಯಿದು. ಪಾವು ಅಂದ್ರ ಕಾಲು, ಸವಾಯಿ ಅಂದ್ರ ಒಂದೂಕಾಲು. ಒಂದು ಅಂಪಿಯರ್ ನಂಗ ಹದಿನಾರಾಣೆ, ಅರ್ಧ ಅಂದ್ರ ಎಂಟಾಣೆ. ಇಂಗ್ಲಿಷಿನವರ ದಶಾಂಶದ ಚುಕ್ಕಿ ನೋಡಿದ್ರ ಅಂಕಿ ಮ್ಯಾಲೆ ನೊಣ ಕೂತಂಗ ಕಾಣತದ್ರಿ.”

ಅವರ ಪರೀಕ್ಷೆಯೆಲ್ಲ ನಸುಕಿನಲ್ಲೇ. ಗಿರಣಿ, ಹೋಟೆಲು ಇನ್ನೂ ಏಳದ ಆ ಹೊತ್ತಿನಲ್ಲಿ ಆಸ್ಪತ್ರೆಗೂ ಹೋಗುವ ಈ ಲೈನಿನ ಒತ್ತಡ ಪೂರ್ತಿ ೨೩೦ ವೋಲ್ಟ್. ಸಂಜೆ ಊರೆಲ್ಲ ಜಗ್ಗುವಾಗ ೧೮೪ಕ್ಕೆ ಕುಸಿದಿರುತ್ತದೆ. ಸುರುಳಿ ಪೂರ್ತಿ ಒತ್ತಡದಲ್ಲಿ ಪಾಸಾದರೆ ಮಾತ್ರ ಅವರು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ.

ಒಂದೇ ಒಂದು ಸಲ ಹಾಗಾಗಲಿಲ್ಲ. ಯುದ್ಧದಿಂದ ವಿಲಾಯತಿಯ ಸಾಮಾನು ನಿಂತು, ಅವಧಿಗೆ ಮುನ್ನ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಏಳು ಪೆಟ್ಟಿಗೆಗಳನ್ನು ಆಸ್ಪತ್ರೆ ಇಲ್ಲಿಯೇ ಮಾಡಿಸಿತು. ನೂರಾ ಇಪ್ಪತ್ತು ವಾಟ್ ದಾಟಕೂಡದೆಂಬುದು ಕರಾರು. ಮಾಲೀಕ ಅಪ್ಪಾಸಾಹೇಬರು ನಿಪ್ಪಾಣಿಯವರು; ಅವರ ಮಾತು ಕನ್ನಡದಲ್ಲಿ ರೈಲು ಹತ್ತಿ ಮರಾಠಿಯಲ್ಲಿ ಇಳಿಯುತ್ತದೆ. “ಆಸ್ಪತ್ರಿ ಗಾಡಿ ಬಾಗಲಾಗ ನಿಂತದ ಬಾಯಿ, ಗುರುತ ಹಾಕು, ಲಗೂ ಲಗೂ, ಲವಕರ್!”

ಅದು ಮೊದಲ ಪೆಟ್ಟಿಗೆ, ಸಂಜೆಯ ಹೊತ್ತು. ೧೮೪ ವೋಲ್ಟ್, ಎಂಟಾಣೆ ಅಂಪಿಯರ್. ರೋಧ ೩೬೮ ಓಮ್, ಶಕ್ತಿ ೯೨ ವಾಟ್. ನಸುಕಿನಲ್ಲಿ ಒತ್ತಡ ಸವಾಯಿಯಾಗುತ್ತದೆಂದು ಚನ್ನಬಸವ್ವನವರಿಗೆ ಗೊತ್ತಿತ್ತು. ೯೨ರ ಸವಾಯಿ ೧೧೫. ಮಿತಿಯೊಳಗೇ ಇದೆ ಎಂದು ಗುರುತು ಹಾಕಿಬಿಟ್ಟರು.

ಪೆಟ್ಟಿಗೆಯಲ್ಲಿಟ್ಟ ಮೊದಲ ಹೆಣ್ಣುಕೂಸಿನ ಬೆನ್ನು ಮರುದಿನ ನಸುಕಿಗೆ ಬೆಂದಿತ್ತು. ಮೂರನೇ ದಿನ ಕೂಸು ತೀರಿಕೊಂಡಿತು. ಕೆಲಸ ಹೋದ ರಾಜೀವಿ ಈಗ ಚಿಕ್ಕಪ್ಪನ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಾರೆ.

ಕೂಸನ್ನು ಸುಟ್ಟ ಪೆಟ್ಟಿಗೆ ಕಾರಖಾನೆಗೆ ವಾಪಸು ಬಂದದ್ದು ಎರಡು ತಿಂಗಳ ಹಿಂದೆ. ಎಸೆಯಲು ಹೇಳಿದ ಸುರುಳಿಯನ್ನು ಚನ್ನಬಸವ್ವ ನಸುಕಿನಲ್ಲಿ ಮೀಟರಿಗೆ ಹಚ್ಚಿ ನೋಡಿದರು. ಕಂಡದ್ದನ್ನು ಮಾಲೀಕರಿಗೆ ಹೇಳಿದರು. ಅಪ್ಪಾಸಾಹೇಬರು ಬಾಯಿ ಮುಚ್ಚಿಕೊಂಡಿರಲು ಹೇಳಿದರು. ಚನ್ನಬಸವ್ವ ಸೀದಾ ಆಸ್ಪತ್ರೆಗೆ ನಡೆದರು. ಎಂಟು ಸಲ ಬಾಗಿಲಲ್ಲಿ ಕಾದ ಮೇಲೆ, ಇಂದು ಡಾಕ್ಟರು ಬಂದಿದ್ದಾರೆ.

“ಹಚ್ಚತೇನ್ರಿ,” ಎಂದು ಚನ್ನಬಸವ್ವ ಸ್ವಿಚ್ಚು ಒತ್ತುತ್ತಾರೆ. ಒಂದು ಮುಳ್ಳು ೨೩೦ಕ್ಕೆ ಹೋಗಿ ನಿಲ್ಲುತ್ತದೆ. ಇನ್ನೊಂದು ಅರ್ಧ ಅಂಪಿಯರನ್ನು ದಾಟಿಹೋಗುತ್ತದೆ.

“ಹತ್ತಾಣೆ,” ಎನ್ನುತ್ತಾರೆ. “ನೋಡ್ರಿ ಡಾಕ್ಟರ್ ಸಾಹೇಬ್ರ, ರೋಧ ಬದಲಾಗಿಲ್ಲ. ಅದಕ್ಕ ಒತ್ತಡ ಸವಾಯಿ ಆದ್ರ ಹರಿವೂ ಸವಾಯಿ. ಎರಡು ಸಲ ಸವಾಯಿ ಹಚ್ಚಬೇಕಿತ್ತು. ನಾ ಒಂದ ಸಲ ಹಚ್ಚಿದೆ.”

ಡಾಕ್ಟರು ಕಾಗದದ ಮೇಲೆ ಗುಣಿಸುತ್ತಾರೆ. ಅವರು ಮುಗಿಸುವ ಮೊದಲೇ ಚನ್ನಬಸವ್ವ ಹೇಳಿಯಾಗಿದೆ: “ನೂರಾ ನಲವತ್ನಾಲ್ಕಕ್ಕ ಪಾವು ಕಮ್ಮಿ.”

ಸುರುಳಿ ಕೆಂಪಾಗುತ್ತಿದೆ.

“ನಾನು ನಿದ್ದೆ ಮಾಡ್ಲಿಲ್ಲ ಡಾಕ್ಟ್ರೇ,” ರಾಜೀವಿ ಬಾಕಿನಿಂದ ಏಳುತ್ತಾರೆ. “ಇನ್ನೊಂದು ಬಾಣಂತಿಗೆ ನೀರು ಕಾಯಿಸ್ಲಿಕ್ಕೆ ಹೋದದ್ದು. ವರ್ಷದಿಂದ ಅದನ್ನೇ ಹೇಳ್ತಾ ಇದ್ದೇನೆ.” ಮತ್ತೆ ಚನ್ನಬಸವ್ವನವರತ್ತ ತಿರುಗಿ, “ನನ್ನ ಒಡಹುಟ್ಟಿದವಳೂ ತನ್ನ ಮಗುವನ್ನು ನನ್ನ ಕೈಗೆ ಕೊಡ್ಲಿಲ್ಲ, ಗೊತ್ತುಂಟಾ ನಿಮಗೆ?”

ಚನ್ನಬಸವ್ವ ಸ್ವಿಚ್ಚು ಆರಿಸುತ್ತಾರೆ.

ಡಾಕ್ಟರು ಬರೆದು, ಓದಿ ಹೇಳುತ್ತಾರೆ: ನರ್ಸಿನ ತಪ್ಪಿಲ್ಲ, ಯಂತ್ರದೋಷದಿಂದ ಮರಣ. ಬಾಗಿಲಲ್ಲಿ ನಿಂತ ಅಪ್ಪಾಸಾಹೇಬರು ನಿಟ್ಟುಸಿರು ಬಿಡುತ್ತಾರೆ. “ಛಾನ್! ಮುಗೀತಲ್ಲ ಬಾಯಿ. ಯಾರ ಹೆಸರೂ ಇಲ್ಲ, ಯಾರ ಉಸಾಬರಿನೂ ಇಲ್ಲ.”

“ಯಂತ್ರದೋಷ ಹೊಡದ ಹಾಕ್ರಿ,” ಎನ್ನುತ್ತಾರೆ ಚನ್ನಬಸವ್ವ. “ಯಂತ್ರದ್ದು ಅಂದ್ರ ಉಳಿದ ಆರು ಪೆಟ್ಟಿಗಿ ಮೂಲಿಗೆ ಬೀಳತಾವ. ಅವಕ್ಕ ತಂತಿ ಹೆಚ್ಚಿಗಿ ಸುತ್ತಿ ರೋಧ ಏರಸೇನಿ, ಈಗ ಕೂಸಿಗೆ ಧೋಕಾ ಇಲ್ಲ. ಲೆಕ್ಕ ತಪ್ಪಿತ್ತು, ಲೆಕ್ಕ ನಂದು. ನನ್ನ ಹೆಸರು ಬರೀರಿ.”

“ಹೆಸರು ಬಿತ್ತು ಅಂದ್ರ ನಾಳಿಂದ ಮೀಟರ್ ಮುಟ್ಟಂಗಿಲ್ಲ, ತಿಳೀತ, ಸಮಜಲಂ?” ಎನ್ನುತ್ತಾರೆ ಅಪ್ಪಾಸಾಹೇಬರು.

“ಸುತ್ತಾಕ ತಂತಿ ಅದ ಅಲ್ರಿ, ಸುತ್ತತೇನಿ. ಮೀಟರ್ ಯಾರರೆ ಹಿಡೀಲಿ, ನಸುಕಿನ್ಯಾಗ ಹಿಡೀಲಿ. ಅಷ್ಟ ಕೇಳತೇನಿ.”

ಡಾಕ್ಟರು ಒಂದು ಸಾಲು ಹೊಡೆದುಹಾಕಿ, ಹೆಸರನ್ನೂ ಲೆಕ್ಕವನ್ನೂ ಬರೆದು, ಕಾಗದವನ್ನು ಅವರತ್ತ ಸರಿಸುತ್ತಾರೆ. ಚನ್ನಬಸವ್ವ ಬೆರಳಿಟ್ಟು ಹೆಸರನ್ನು ದಾಟುತ್ತಾರೆ. ೨೩೦, ಹತ್ತಾಣೆ, ೩೬೮, ಒಂದೊಂದನ್ನೂ ತುಟಿಯಲ್ಲಿ ಮತ್ತೊಮ್ಮೆ ತಾಳೆ ನೋಡುತ್ತಾರೆ.

“ಈ ಸಲದ್ದು ಸರಿ ಅದ,” ಎನ್ನುತ್ತಾರೆ, ರಾಜೀವಿಯ ಕೈಗೆ ಕಾಗದ ಕೊಡುತ್ತ.